ಸಂಪಾದಕರ ಉತ್ತರ: ಇನ್ನೂ 15 ಸೆಕೆಂಡು ಇತ್ತು, ಮೇಷ್ಟ್ರೇ

ಹಾಸನದ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು ಬರೆದ ಪತ್ರ ಇದು. ಎರಡು ಹಾಳೆ ತುಂಬಾ ಇತ್ತು, ಕತ್ತರಿಸಿ ಕೊಟ್ಟಿದ್ದೇನೆ.

"ಕಳೆದ ಸಂಚಿಕೆಯ ಮೂಲೆಯ ಬಾಕ್ಸಿನಲ್ಲಿ, 1982ರ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಮೈಕೆಲ್ ಜೋರ್ಡನ್ ಕಟ್ಟಕಡೆಯ ಕ್ಷಣದಲ್ಲಿ ಚೆಂಡು ಹಾಕಿ ಗೆಲ್ಲಿಸಿದ ಎಂದು ಬರೆದಿದ್ದೀರಿ. ನಮ್ಮ ಅಳಿಯಂದಿರು ತಪ್ಪು ಅನ್ನುತ್ತಾರೆ. ಹೋದ ವರ್ಷ ಮಾರ್ಚಿನಲ್ಲಿ ನಾನು ನಾರ್ತ್ ಕೆರೊಲಿನಾದ ರಾಲಿಯಲ್ಲಿ ಮಗಳ ಮನೆಯಲ್ಲಿದ್ದೆ. ಮೂರು ವಾರ ಅಳಿಯಂದಿರು ಒಂದು ಹಾಳೆ ಹಿಡಿದುಕೊಂಡು ಟೀವಿ ಮುಂದೆ ಕೂತಿದ್ದರು. ಊಟಕ್ಕೆ ಕರೆದರೆ 'ಎರಡೇ ನಿಮಿಷ ಮಾವ' ಅಂತ ಅರ್ಧ ಗಂಟೆ. ಆಡುವವರು ಕಾಲೇಜು ಹುಡುಗರು! ಅಂಥದ್ದೇನಿದೆ ಅದರಲ್ಲಿ? ನೆನಪಿಡಬೇಕಾದ ಹತ್ತು ಚಾಂಪಿಯನ್ನರ ಪಟ್ಟಿ ಕೊಡಿ. ಮುಂದಿನ ಸಲ ಹೋದಾಗ ನಾನೂ ನಾಲ್ಕು ಮಾತಾಡಬೇಕು."

ಮೇಷ್ಟ್ರೇ, ನಮಸ್ಕಾರ.

ಅಳಿಯಂದಿರು ಹೇಳಿದ್ದೇ ಸರಿ. ಆ ಬಾಕ್ಸ್ ಬರೆದವನು ನಾನೇ. ಪುಟ ಮುಗಿಸುವ ಆತುರ, ಎಲ್ಲೋ ಕೇಳಿದ್ದನ್ನು ಹಾಗೇ ಬರೆದುಬಿಟ್ಟೆ. ಈ ಸಂಚಿಕೆಯಲ್ಲಿ ಅದೇ ಜಾಗದಲ್ಲಿ ತಿದ್ದುಪಡಿ ಹಾಕಿದ್ದೇವೆ. ಆದರೆ ನಾನು ಬಿಟ್ಟ ಆ ಕೆಲವು ಸೆಕೆಂಡುಗಳಲ್ಲೇ ಜೋರ್ಡನ್ ಹೊಡೆತಕ್ಕಿಂತ ದೊಡ್ಡ ಕಥೆ ಇದೆ. ಅದಕ್ಕೇ ಇಷ್ಟುದ್ದ ಉತ್ತರ.

ಮೊದಲು ಆ ಹಾಳೆಯ ವಿಷಯ. ತಾಲ್ಲೂಕು ಕ್ರೀಡಾಕೂಟಕ್ಕೆ ನೀವು ಎಷ್ಟು ಸಲ ನಾಕೌಟ್ ಫಿಕ್ಸ್ಚರ್ ಹಾಕಿಲ್ಲ? ಅದೇ ಇದು. ಅವರು ಬ್ರ್ಯಾಕೆಟ್ ಅನ್ನುತ್ತಾರೆ. ಅಲ್ಲಿನ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಅನ್ನುವ ಸಂಸ್ಥೆ 1939ರಲ್ಲಿ ಎಂಟು ತಂಡ ಇಟ್ಟುಕೊಂಡು ಈ ಟೂರ್ನಿ ಶುರು ಮಾಡಿತು. 1985ರಲ್ಲಿ 64 ತಂಡ ಆಯಿತು, 2011ರಲ್ಲಿ 68. ನಾಲ್ಕು ಗುಂಪು, ಪ್ರತಿ ಗುಂಪಿನಲ್ಲೂ ತಂಡಗಳಿಗೆ 1ರಿಂದ 16ರವರೆಗೆ ನಂಬರ್, 1 ಅಂದರೆ ಎಲ್ಲರಿಗಿಂತ ಬಲಿಷ್ಠ ಅಂತ ಎಣಿಸಿದ ತಂಡ. ಒಂದು ಸಲ ಸೋತರೆ ಮನೆಗೆ. ಯಾರು ಯಾರನ್ನು ಸೋಲಿಸುತ್ತಾರೆ ಅಂತ ಮೊದಲೇ ಬರೆದಿಟ್ಟುಕೊಂಡು, ದಿನಾ ಕೆಂಪು ಪೆನ್ನಿನಲ್ಲಿ ಗೀಟು ಹಾಕಿಕೊಂಡು ನರಳುವುದೇ ಅಲ್ಲಿನವರ ಮಾರ್ಚ್ ತಿಂಗಳ ಸಂಭ್ರಮ. ಅದರಲ್ಲೂ ರಾಲಿ! ಪಕ್ಕಪಕ್ಕದ ಮೂರು ಊರು ರಾಲಿ, ಡರಮ್, ಚಾಪೆಲ್ ಹಿಲ್‌ನಲ್ಲಿ ಮೂರು ಕಾಲೇಜು ತಂಡ, ಮೂರೂ ಚಾಂಪಿಯನ್ ಆದವೇ. ಅಲ್ಲಿರುವ ನಮ್ಮ ಕನ್ನಡದವರಿಗೂ ಅದು ಅಂಟಿಕೊಂಡಿದ್ದರೆ ಏನಾಶ್ಚರ್ಯ?

ಮತ್ತೆ, ಅಳಿಯಂದಿರ ಎರಡು ನಿಮಿಷ ಸುಳ್ಳಲ್ಲ. ಬಾಸ್ಕೆಟ್‌ಬಾಲಿನ ಕೊನೆಯ ಎರಡು ನಿಮಿಷ, ಫೌಲು, ಟೈಮ್‌ಔಟ್, ಫ್ರೀ ಥ್ರೋ (ಫೌಲಿಗೆ ಸಿಗುವ, ಯಾರೂ ಅಡ್ಡ ಬಾರದ ಎಸೆತ) ಎಲ್ಲಾ ಸೇರಿ ನಿಮ್ಮ ತಟ್ಟೆಯ ಸಾರು ಆರುವಷ್ಟು ಹೊತ್ತು ಹಿಡಿಯುತ್ತದೆ.

ಈಗ 1982. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್, 61 ಸಾವಿರಕ್ಕೂ ಜಾಸ್ತಿ ಜನ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ಒಂದು ಕಡೆ, ವಾಷಿಂಗ್ಟನ್‌ನ ಜಾರ್ಜ್‌ಟೌನ್ ಇನ್ನೊಂದು ಕಡೆ. ಜಾರ್ಜ್‌ಟೌನ್ ಒಂದು ಪಾಯಿಂಟ್ ಮುಂದಿತ್ತು, 62-61. ಮೊದಲ ವರ್ಷದ ವಿದ್ಯಾರ್ಥಿ ಜೋರ್ಡನ್, 19 ವರ್ಷದ ಹುಡುಗ, ಎಡಗಡೆಯಿಂದ ಹಾರಿ ಹೊಡೆದ. ಬಿತ್ತು. 63-62. ಗಡಿಯಾರದಲ್ಲಿ ಇನ್ನೂ ಸುಮಾರು 15 ಸೆಕೆಂಡು ಬಾಕಿ. ಬಾಸ್ಕೆಟ್‌ಬಾಲಿನಲ್ಲಿ ಒಂದು ಬಾಸ್ಕೆಟ್ ಹಾಕಲು ಧಾರಾಳವಾಗಿ ಸಾಕು.

ಜಾರ್ಜ್‌ಟೌನ್‌ನ ಫ್ರೆಡ್ ಬ್ರೌನ್ ಚೆಂಡು ತಂದ. ಕಣ್ಣಂಚಿನಲ್ಲಿ ಒಬ್ಬ ಕಂಡ. ನಮ್ಮವನೇ ಇರಬೇಕು ಅಂತ ಅವನ ಕೈಗೆ ಚೆಂಡು ಕೊಟ್ಟ. ಅವನು ಕೆರೊಲಿನಾದ ಜೇಮ್ಸ್ ವರ್ದಿ. ಚೆಂಡು ಇಷ್ಟು ಸಲೀಸಾಗಿ ಕೈಗೆ ಬರುತ್ತದೆ ಅಂತ ವರ್ದಿಯೂ ಎಣಿಸಿರಲಿಕ್ಕಿಲ್ಲ. ಹಿಡಿದವನೇ ಓಡಿದ. ಮುಗಿಯಿತು. ಅವತ್ತು 28 ಪಾಯಿಂಟ್ ಹಾಕಿದ್ದೂ ವರ್ದಿಯೇ, ಜೋರ್ಡನ್ ಅಲ್ಲ. ಇದನ್ನು ಅಳಿಯಂದಿರಿಗೆ ಹೇಳಿ ನೋಡಿ.

ಆಮೇಲಿನದ್ದು ನನಗೆ ಮುಖ್ಯ. ಜಾರ್ಜ್‌ಟೌನ್ ಕೋಚ್ ಜಾನ್ ಥಾಂಪ್ಸನ್ ಆರಡಿ ಹತ್ತಿಂಚಿನ ದೈತ್ಯ. ನಮ್ಮ ಕಡೆ ರೈತರ ಹಾಗೆ ಹೆಗಲ ಮೇಲೆ ಸದಾ ಬಿಳಿ ಟವಲ್. ಬೆಂಚಿನಲ್ಲಿ ಬಹಳ ಗಡಸು ಮನುಷ್ಯ. ಆಟ ಮುಗಿದ ಮೇಲೆ ಕ್ಯಾಮೆರಾಗಳೆಲ್ಲ ಬ್ರೌನ್ ಕಡೆ ತಿರುಗಿದವು. ಥಾಂಪ್ಸನ್ ಬೈಯಲಿಲ್ಲ. ಹುಡುಗನನ್ನು ಎಳೆದು ತಬ್ಬಿಕೊಂಡರು. ಎರಡು ವರ್ಷದ ನಂತರ, 1984ರಲ್ಲಿ, ಸಿಯಾಟಲ್‌ನಲ್ಲಿ ಜಾರ್ಜ್‌ಟೌನ್ ಚಾಂಪಿಯನ್ ಆಯಿತು. ಈ ಟೂರ್ನಿ ಗೆದ್ದ ಮೊದಲ ಕಪ್ಪು ಮುಖ್ಯ ಕೋಚ್ ಥಾಂಪ್ಸನ್. ಬ್ರೌನ್ ಇನ್ನೂ ತಂಡದಲ್ಲಿದ್ದ. ಮತ್ತೆ ಅದೇ ಅಪ್ಪುಗೆ. ಎರಡೂ ಫೋಟೋ ಪಕ್ಕಪಕ್ಕ ಇಟ್ಟರೆ ಅಪ್ಪುಗೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ನೀವು ಕೇಳಿದ ಹತ್ತು ಚಾಂಪಿಯನ್ನರ ಪಟ್ಟಿ ನಾನು ಕೊಡುವುದಿಲ್ಲ, ಕ್ಷಮಿಸಿ. ಬೇಕಿದ್ದರೆ ಒಂದೇ ಹೆಸರು ಸಾಕು. ಲಾಸ್ ಏಂಜಲೀಸ್‌ನ ಕಾಲೇಜು ಯುಸಿಎಲ್‌ಎಯ ಕೋಚ್ ಜಾನ್ ವುಡನ್, 1964ರಿಂದ 1975ರೊಳಗೆ ಹತ್ತು ಸಲ ಗೆದ್ದವರು, ಅದರಲ್ಲಿ ಏಳು ಸತತ. ಪ್ರತಿ ವರ್ಷ ಮೊದಲ ದಿನ ಹುಡುಗರನ್ನು ಕೂರಿಸಿ ಕಾಲುಚೀಲ ಸುಕ್ಕಿಲ್ಲದೆ ಹಾಕಿಕೊಳ್ಳುವುದು ಹೇಗೆ ಅಂತ ಕಲಿಸುತ್ತಿದ್ದರು. ಸುಕ್ಕಿದ್ದರೆ ಬೊಬ್ಬೆ, ಬೊಬ್ಬೆ ಬಂದರೆ ಪ್ರಾಕ್ಟೀಸ್ ಇಲ್ಲ. ಪಿ.ಟಿ. ಮೇಷ್ಟ್ರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗೆದ್ದೂ ಗೆದ್ದೂ ಬಂದವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ತೋಚುವುದಿಲ್ಲ. ಈ ಟೂರ್ನಿಯ ನೆನಪಿನಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಜನ ಸೋತವರು.

1983 ನೋಡಿ. ಹ್ಯೂಸ್ಟನ್ ತಂಡ 26 ಪಂದ್ಯ ಸತತವಾಗಿ ಗೆದ್ದು ಫೈನಲ್‌ಗೆ ಬಂದಿತ್ತು. ನೈಜೀರಿಯಾದ ಹಕೀಮ್ ಒಲಾಜುವಾನ್, ಕ್ಲೈಡ್ ಡ್ರೆಕ್ಸ್‌ಲರ್, ಇಬ್ಬರೂ ಮುಂದೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಆಳಿದವರು. ಎದುರಿಗೆ ನಿಮ್ಮ ರಾಲಿಯ ನಾರ್ತ್ ಕೆರೊಲಿನಾ ಸ್ಟೇಟ್, ಆ ವರ್ಷ ಹತ್ತು ಪಂದ್ಯ ಸೋತಿದ್ದ ತಂಡ. ಕೋಚ್ ಜಿಮ್ ವಾಲ್ವಾನೋ ಹುಡುಗರಿಗೆ ಹೇಳಿದ ಉಪಾಯ ಸರಳ: ಕೊನೆಯಲ್ಲಿ ಫೌಲ್ ಮಾಡಿ, ಅವರು ಫ್ರೀ ಥ್ರೋ ಹಾಕಲಿ. ಹ್ಯೂಸ್ಟನ್ 19ರಲ್ಲಿ ಹತ್ತೇ ಹಾಕಿತು. 52-52. ಕೊನೆಯ ಸೆಕೆಂಡುಗಳಲ್ಲಿ ಡೆರೆಕ್ ವಿಟನ್‌ಬರ್ಗ್ ಸುಮಾರು 30 ಅಡಿ ದೂರದಿಂದ ಎಸೆದ. ಗುರಿ ಸಾಲಲಿಲ್ಲ. ಚೆಂಡು ರಿಂಗನ್ನೂ ಮುಟ್ಟದೆ ಇಳಿಯುತ್ತಿತ್ತು. ರಿಂಗಿನ ಕೆಳಗಿದ್ದ ಲೊರೆಂಜೊ ಚಾರ್ಲ್ಸ್ ಹಾರಿ ಗಾಳಿಯಲ್ಲೇ ಹಿಡಿದು ಎರಡೂ ಕೈಯಲ್ಲಿ ಒಳಗೆ ತುರುಕಿದ. 54-52. ವಾಲ್ವಾನೋ ಯಾರನ್ನು ತಬ್ಬಿಕೊಳ್ಳಲಿ ಅಂತ ತಿಳಿಯದೆ ಅಂಗಣದ ತುಂಬಾ ಓಡಾಡಿದ ದೃಶ್ಯವನ್ನು ಇವತ್ತಿಗೂ ಪ್ರತಿ ಮಾರ್ಚಿನಲ್ಲಿ ತೋರಿಸುತ್ತಾರೆ.

ಅವತ್ತಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಸೋತ ಒಲಾಜುವಾನ್‌ಗೆ! ಪುರುಷರ ಟೂರ್ನಿಯಲ್ಲಿ ಆಮೇಲೆ ಸೋತ ತಂಡದ ಯಾರಿಗೂ ಅದು ಸಿಕ್ಕಿಲ್ಲ. ಮರುವರ್ಷ ಥಾಂಪ್ಸನ್ ತಂಡ ಸೋಲಿಸಿದ್ದೂ ಇದೇ ಹ್ಯೂಸ್ಟನ್ನನ್ನು. ಕ್ಯಾನ್ಸರ್ ಬಂದು ವಾಲ್ವಾನೋ 1993ರಲ್ಲಿ ತೀರಿಕೊಂಡರು. ಚಾರ್ಲ್ಸ್ ಆಟ ಬಿಟ್ಟ ಮೇಲೆ ಬಸ್ ಡ್ರೈವರ್ ಆಗಿದ್ದ. 2011ರಲ್ಲಿ ರಾಲಿಯ ಹೆದ್ದಾರಿಯಲ್ಲೇ ಅಪಘಾತದಲ್ಲಿ ಹೋದ. ಆ ದಾರಿಯಲ್ಲಿ ಅಳಿಯಂದಿರ ಕಾರಿನಲ್ಲಿ ನೀವೂ ಓಡಾಡಿರಬಹುದು.

1985ರಲ್ಲಿ ಸೋಲುವ ಸರದಿ ಜಾರ್ಜ್‌ಟೌನ್‌ದು. ಅವರ ಆಟಗಾರ ಪ್ಯಾಟ್ರಿಕ್ ಎವಿಂಗ್‌ಗೆ ನಾಲ್ಕು ವರ್ಷದಲ್ಲಿ ಮೂರನೇ ಫೈನಲ್. ಎಂಟನೇ ನಂಬರಿನ ವಿಲನೋವಾ ತಂಡ 28 ಸಲ ಎಸೆದು 22 ಹಾಕಿತು, 66-64. ಆಗ ಟೂರ್ನಿಯಲ್ಲಿ ಶಾಟ್ ಕ್ಲಾಕ್ ಇರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಚೆಂಡು ಇಟ್ಟುಕೊಂಡು ಒಳ್ಳೇ ಅವಕಾಶಕ್ಕೆ ಕಾಯಬಹುದಿತ್ತು. ಮುಂದಿನ ಸೀಸನ್‌ನಿಂದ 45 ಸೆಕೆಂಡಿನ ಮಿತಿ ಬಂತು. ಎಂಟಕ್ಕಿಂತ ಕೆಳಗಿನ ನಂಬರಿನ ತಂಡ ಇದುವರೆಗೆ ಗೆದ್ದಿಲ್ಲ.

1992ರ ಡ್ಯೂಕ್–ಕೆಂಟಕಿ ಪಂದ್ಯ ಫೈನಲ್ ಅಲ್ಲ, ಗುಂಪಿನ ಕೊನೆಯ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಉಳಿದಿದ್ದು 2.1 ಸೆಕೆಂಡು. ಡರಮ್‌ನ ಡ್ಯೂಕ್ ಒಂದು ಪಾಯಿಂಟ್ ಹಿಂದೆ. ಗ್ರಾಂಟ್ ಹಿಲ್ ಅಂಗಣದ ಆ ತುದಿಯಿಂದ ಎಸೆದ ಚೆಂಡನ್ನು ಕ್ರಿಸ್ಚಿಯನ್ ಲೇಟ್ನರ್ ಬೆನ್ನು ತಿರುಗಿಸಿ ಹಿಡಿದ, ಒಂದು ಸಲ ಪುಟಿಸಿದ, ತಿರುಗಿ ಹಾಕಿದ. 104-103. ಲೇಟ್ನರ್ ಅವತ್ತು ಹೊಡೆದ ಹತ್ತಕ್ಕೆ ಹತ್ತು, ಫ್ರೀ ಥ್ರೋ ಕೂಡ ಹತ್ತಕ್ಕೆ ಹತ್ತು. ಎಸೆಯುವ ಹಿಲ್‌ನ ಎದುರಿಗೆ ಕೆಂಟಕಿ ಒಬ್ಬನನ್ನೂ ನಿಲ್ಲಿಸಿರಲಿಲ್ಲ. ಇದು ಅಲ್ಲಿ ಇವತ್ತಿಗೂ ಹೋಟೆಲ್ ಮೇಜಿನ ಜಗಳ. ಆದರೆ ಕೆಂಟಕಿ ಏನು ಮಾಡಿತು ಗೊತ್ತಾ? ಸೋತ ಆ ತಂಡದ ಕೊನೆಯ ವರ್ಷದ ನಾಲ್ಕು ಹುಡುಗರ ಜರ್ಸಿಗಳನ್ನು ತನ್ನ ಸ್ಟೇಡಿಯಂನಲ್ಲಿ ಮೇಲೆ ತೂಗುಹಾಕಿತು.

ಎಲ್ಲರಿಗೂ ಆ ಭಾಗ್ಯ ಇಲ್ಲ. 1993, ಮತ್ತೆ ಅದೇ ಸೂಪರ್‌ಡೋಮ್, ಮತ್ತೆ ಅದೇ ನಾರ್ತ್ ಕೆರೊಲಿನಾ, 1982ರಲ್ಲಿದ್ದ ಅದೇ ಕೋಚ್ ಡೀನ್ ಸ್ಮಿತ್. ಎದುರಿಗೆ ಮಿಷಿಗನ್. ಹಿಂದಿನ ವರ್ಷ ಐದೂ ಜನ ಮೊದಲ ವರ್ಷದ ಹುಡುಗರೇ ಇದ್ದು ಫೈನಲ್ ತಲುಪಿದ್ದ ತಂಡ. ಉದ್ದ ಚಡ್ಡಿ, ಕಪ್ಪು ಕಾಲುಚೀಲ, ದೇಶಕ್ಕೇ ಫ್ಯಾಷನ್ ಕಲಿಸಿದ್ದರು. ಎರಡು ಪಾಯಿಂಟ್ ಹಿಂದಿದ್ದಾಗ ಮಿಷಿಗನ್‌ನ ಕ್ರಿಸ್ ವೆಬರ್ ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿದು ತಂದ. ತನ್ನ ಬೆಂಚಿನ ಮುಂದಿನ ಮೂಲೆಯಲ್ಲಿ ಇಬ್ಬರು ಅಡ್ಡಗಟ್ಟಿದರು. 11 ಸೆಕೆಂಡು ಇತ್ತು. ವೆಬರ್ ಎರಡೂ ಕೈ ಸೇರಿಸಿ ಟೈಮ್‌ಔಟ್ ಕೇಳಿದ. ತಂಡದ ಟೈಮ್‌ಔಟ್‌ಗಳು ಆಗಲೇ ಮುಗಿದಿದ್ದವು. ಟೆಕ್ನಿಕಲ್ ಫೌಲ್, ಎರಡು ಫ್ರೀ ಥ್ರೋ, ಚೆಂಡೂ ಎದುರಾಳಿಗೆ. 77-71.

ಡೀನ್ ಸ್ಮಿತ್ ಗೆದ್ದ ಎರಡೂ ಕಪ್ ಹೀಗೆ. ಒಂದೇ ಕಟ್ಟಡ, ಹನ್ನೊಂದು ವರ್ಷದ ಅಂತರ, ಎರಡೂ ಸಲ ಕೊನೆಗೆ ಎದುರಾಳಿ ಹುಡುಗನೊಬ್ಬನ ಗಡಿಬಿಡಿ. ಸ್ಮಿತ್ ದೊಡ್ಡ ಕೋಚ್, ಅದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಮನಸ್ಸು ವೆಬರ್ ಕಡೆಗೇ. ಆ ರಾತ್ರಿ 23 ಪಾಯಿಂಟ್, 11 ರೀಬೌಂಡ್. ಆಮೇಲೆ ಒಬ್ಬ ಅಭಿಮಾನಿ ಆಟಗಾರರಿಗೆ ಹಣ ಕೊಟ್ಟ ವಿಷಯ ಹೊರಬಂದು, ಮಿಷಿಗನ್ ಆ ಎರಡು ವರ್ಷದ ನೆನಪಿಗೆ ಅಂಗಣದಲ್ಲಿ ತೂಗುಹಾಕಿದ್ದ ಬ್ಯಾನರ್‌ಗಳನ್ನೇ ಇಳಿಸಿತು. ಈಗ 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಮಾರಿ ರಾಜಾರೋಷವಾಗಿ ಸಂಪಾದಿಸಬಹುದು. ಕಾಲ ನೋಡಿ!

ಸೋಲಲು ಹೋದರೂ ಸರಿ, ಹೋಗಲೇಬೇಕು ಅಂತ ಹೊರಟ ಒಂದು ತಂಡವೂ ಇದೆ. 1963. ಮಿಸಿಸಿಪಿ ರಾಜ್ಯದಲ್ಲಿ ಬಿಳಿಯರ ಕಾಲೇಜು ತಂಡಗಳು ಕಪ್ಪು ಆಟಗಾರರಿರುವ ತಂಡದ ಜೊತೆ ಆಡಬಾರದು ಅಂತ ಬರೆಯದ ಕಾನೂನು. ಮಿಸಿಸಿಪಿ ಸ್ಟೇಟ್ ತಂಡ ತನ್ನ ಲೀಗ್ ಗೆದ್ದೂ ಈ ಕಾರಣಕ್ಕೇ ಟೂರ್ನಿಗೆ ಹೋಗದೆ ಕೂತಿತ್ತು. ಆ ವರ್ಷ ಹೋಗಿಯೇ ತೀರಬೇಕು ಅಂತ ತೀರ್ಮಾನಿಸಿದರು. ತಡೆಯಲು ಕೋರ್ಟ್ ಆದೇಶ ಬಂತು. ಅದು ಕೈಗೆ ಸಿಗುವ ಮೊದಲೇ ಕೋಚ್ ರಾಜ್ಯದ ಗಡಿ ದಾಟಿದರು. ತಂಡ ಆಮೇಲೆ ಗುಟ್ಟಾಗಿ ವಿಮಾನ ಹತ್ತಿತು. ಎದುರಾಳಿ ಶಿಕಾಗೋದ ಲಯೋಲಾ, ಅದರ ಐವರಲ್ಲಿ ನಾಲ್ವರು ಕಪ್ಪು ಆಟಗಾರರು. ಆಟಕ್ಕೆ ಮೊದಲು ಲಯೋಲಾದ ಜೆರ್ರಿ ಹಾರ್ಕ್‌ನೆಸ್, ಮಿಸಿಸಿಪಿಯ ಜೋ ಡ್ಯಾನ್ ಗೋಲ್ಡ್ ಕೈ ಕುಲುಕಿದರು. ಸುತ್ತ ಕ್ಯಾಮೆರಾಗಳ ಫ್ಲಾಷ್ ಮಿಂಚಿತು. ಮಿಸಿಸಿಪಿ 61-51ರಲ್ಲಿ ಸೋತಿತು, ಲಯೋಲಾ ಕಪ್ಪನ್ನೇ ಗೆದ್ದಿತು. 2011ರಲ್ಲಿ ಗೋಲ್ಡ್ ತೀರಿಕೊಂಡಾಗ ಹಾರ್ಕ್‌ನೆಸ್ ಕೊನೆಯ ದರ್ಶನಕ್ಕೆ ಹೋದರು. ಅಲ್ಲಿ ಶವಪೆಟ್ಟಿಗೆಯ ಪಕ್ಕ ಆ ಕೈಕುಲುಕಿನ ಫೋಟೋ ಇಟ್ಟಿದ್ದರು.

ಮೂರು ವರ್ಷದ ನಂತರ, 1966ರಲ್ಲಿ, ಟೆಕ್ಸಸ್ ವೆಸ್ಟರ್ನ್ ತಂಡ ಐವರು ಕಪ್ಪು ಆಟಗಾರರನ್ನೇ ಇಳಿಸಿ, ಬಿಳಿಯರೇ ತುಂಬಿದ್ದ ಕೆಂಟಕಿಯನ್ನು ಫೈನಲ್‌ನಲ್ಲಿ 72-65ರಿಂದ ಸೋಲಿಸಿತು. ಅದು ಎಲ್ಲರೂ ಹೇಳುವ ಕಥೆ, ಅಳಿಯಂದಿರಿಗೂ ಗೊತ್ತಿರುತ್ತದೆ.

ಅಳಿಯಂದಿರು "1ನೇ ನಂಬರಿನ ತಂಡವನ್ನು 16ನೇ ನಂಬರಿನವರು ಮೊದಲು ಸೋಲಿಸಿದ್ದು 2018ರಲ್ಲಿ" ಅಂದರೆ ಮಾತ್ರ ಬಿಡಬೇಡಿ. ಪುರುಷರಲ್ಲಿ ಅದು ನಿಜ. 135 ಸಲ 1ನೇ ನಂಬರಿನವರೇ ಗೆದ್ದ ಮೇಲೆ ಬಾಲ್ಟಿಮೋರ್ ಪಕ್ಕದ ಯುಎಂಬಿಸಿ, ವರ್ಜೀನಿಯಾ ತಂಡವನ್ನು 74-54ರಲ್ಲಿ ನೆಲಕ್ಕೆ ಹಾಕಿತು. ಆದರೆ ಹೆಣ್ಣುಮಕ್ಕಳಲ್ಲಿ ಇದು ಇಪ್ಪತ್ತು ವರ್ಷ ಮೊದಲೇ ಆಗಿತ್ತು. 1998ರಲ್ಲಿ ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನ ಸ್ವಂತ ಅಂಗಣದಲ್ಲೇ 71-67. ಆಲಿಸನ್ ಫೀಸ್ಟರ್ ಒಬ್ಬಳೇ 35 ಪಾಯಿಂಟ್. ಹೆಣ್ಣುಮಕ್ಕಳ ಆಟವನ್ನು ಲೆಕ್ಕಕ್ಕೆ ಹಿಡಿಯದೇ ಮಾತಾಡುವ ಚಾಳಿ ಅಲ್ಲೂ ಇದೆ. 2024ರ ಮಹಿಳಾ ಫೈನಲ್ ಅನ್ನು ಟೀವಿಯಲ್ಲಿ ನೋಡಿದವರು ಸುಮಾರು 1 ಕೋಟಿ 89 ಲಕ್ಷ, ಪುರುಷರದ್ದನ್ನು ನೋಡಿದವರು 1 ಕೋಟಿ 48 ಲಕ್ಷ. ಅಷ್ಟು ಜನ ನೋಡಿದ್ದು ಅಯೋವಾದ ಕೇಟ್ಲಿನ್ ಕ್ಲಾರ್ಕ್‌ಗಾಗಿ. ಅವಳೂ ಸೋತಳು. ಹಿಂದಿನ ವರ್ಷದ ಫೈನಲ್ ಕೂಡ ಸೋತಿದ್ದಳು.

ವರ್ಜೀನಿಯಾ ಏನಾಯಿತು ಅಂತ ಕೇಳುತ್ತೀರಿ. ವರ್ಷವಿಡೀ ನಗೆಪಾಟಲಾಗಿ, ಮತ್ತೆ 1ನೇ ನಂಬರ್ ಪಡೆದು ಬಂತು. 2019ರ ಸೆಮಿಫೈನಲ್‌ನಲ್ಲಿ ಎರಡು ಪಾಯಿಂಟ್ ಹಿಂದೆ, 0.6 ಸೆಕೆಂಡು ಬಾಕಿ, ಕೈಲ್ ಗೈಗೆ ಮೂರು ಫ್ರೀ ಥ್ರೋ. ಹಿಂದಿನ ವರ್ಷ ಆ ಸೋಲಿನಲ್ಲೂ ಆಡಿದ್ದ ಹುಡುಗ. ಮೂರೂ ಹಾಕಿದ. ಎರಡು ದಿನದ ನಂತರ ಕಪ್ಪೂ ಬಂತು.

ಅದಕ್ಕೇ ಮುಂದಿನ ಮಾರ್ಚಿನಲ್ಲಿ ಹಾಳೆ ತುಂಬುವಾಗ, 16ನೇ ನಂಬರಿನ ಒಂದು ತಂಡವನ್ನಾದರೂ ಗೆಲ್ಲಿಸಿ ಬರೆಯಲು ಅಳಿಯಂದಿರಿಗೆ ಹೇಳಿ. ಕೆಂಪು ಗೀಟು ಬಿದ್ದರೆ ಬೈಗುಳವನ್ನು ನನಗೇ ಕಳಿಸಲಿ, ವಿಳಾಸ ನಿಮ್ಮ ಹತ್ತಿರ ಇದೆಯಲ್ವಾ.

— ಸಂ.