ಉಣುಗು ಅಂದರೆ ಸಾಕು

ಪ್ರಶ್ನೆ: ಮಂಗನ ಕಾಯಿಲೆ ಬಗ್ಗೆ ತಜ್ಞರು ಹೇಳಿದ್ದು ನಮ್ಮೂರಲ್ಲಿ ಯಾರಿಗೂ ಅರ್ಥವಾಗಲಿಲ್ಲ. ತಪ್ಪು ನಮ್ಮದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ನಿಮ್ಮದಲ್ಲ. ನಾನೂ ಮೊದಮೊದಲು ಹಾಗೇ ಮಾತಾಡುತ್ತಿದ್ದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಯಿಲೆ ಪತ್ತೆಯಾದ ಕಥೆ, ವೈರಸ್ಸಿನ ಕುಲಗೋತ್ರ ಎಲ್ಲ ಹೇಳಿದೆ. ಕೊನೆಗೆ ಒಬ್ಬ ಅಜ್ಜಿ, "ಅದೆಲ್ಲ ಇರ್ಲಿ ಡಾಕ್ಟ್ರೇ, ನಾಳೆ ದರಗು ತರೋಕೆ ಹೋಗ್ಲಾ, ಬೇಡ್ವಾ?" ಅಂದರು. ದರಗು ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ. ಅವರಿಗೆ ಬೇಕಿದ್ದದ್ದು ಅದೊಂದೇ, ಅಲ್ವಾ?

ಈಗ ಮೊದಲು ಪುಟ್ಟ ಸೀಸೆಯಲ್ಲಿ ಮರಿ ಉಣುಗು, ಅಂದರೆ ಕಾಡಿನ ದರಗಿನಲ್ಲಿರುವ ರಕ್ತ ಹೀರುವ ಹುಳ ತೋರಿಸುತ್ತೇನೆ. ಎಳ್ಳಿನಷ್ಟೂ ಇರುವುದಿಲ್ಲ. ಇದು ಕಚ್ಚಿದರೆ ಕಾಯಿಲೆ ಬರಬಹುದು. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಅನ್ನುತ್ತೇನೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ ಅಂತಲೂ. ಮುಂದಿನ ಸಲ ತಜ್ಞರು ಬಂದಾಗ ನೀವೂ ಆ ಅಜ್ಜಿ ಹಾಗೆ ತಡೆದು ಕೇಳಿ.