ಹೊರಗೆ ಒಬ್ಬಳು, ಮನೆಯೊಳಗೆ ಇನ್ನೊಬ್ಬಳು

(ಆಪ್ತಸಲಹೆ ಪ್ರಕರಣ. ಆಕೆಯ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಆಕೆಗೆ 24 ವರ್ಷ. ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಅಪ್ಪ, ಅಮ್ಮ, ಅಣ್ಣನ ಜೊತೆ ಇದ್ದಾಳೆ. ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಸಂಜೆ ಮನೆ ಹತ್ತಿರವಾಗುತ್ತಿದ್ದಂತೆ ಹೊಟ್ಟೆಯೊಳಗೆ ಸಂಕಟ ಶುರುವಾಗುತ್ತದೆ, ರಾತ್ರಿ ಮಲಗಿದರೆ ಹಗಲು ಆಡಿದ ಮಾತು, ಆಡದೆ ನುಂಗಿದ ಮಾತು ಎರಡೂ ತಲೆಯಲ್ಲಿ ಸುತ್ತುತ್ತವೆ ಎಂದಳು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರೆಯೇ, ಹೊರಗೆ ಹೋಗದಂತೆ ತಡೆಯುತ್ತಾರೆಯೇ, ಸಂಬಳ ಕಿತ್ತುಕೊಳ್ಳುತ್ತಾರೆಯೇ ಎಂದೂ ಕೇಳಿದೆ. ಅದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇವುಗಳಲ್ಲಿ ಒಂದಕ್ಕೆ ಹೌದು ಎಂದಿದ್ದರೂ ಮುಂದೆ ಬರೆದಿರುವ ಸಲಹೆಗಳನ್ನು ನಾನು ಕೊಡುತ್ತಿರಲಿಲ್ಲ. ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ಮೊದಲು ಆಕೆಯ ಸುರಕ್ಷತೆಗೆ ಏರ್ಪಾಡಾಗಬೇಕು. ಮಾತುಕತೆ ಆಮೇಲೆ.

‘ನಾನು ಸ್ತ್ರೀವಾದಿ, ಮೇಡಂ. ಹಾಗಂತ ಹೇಳ್ಕೊಳ್ಳೋಕೆ ಈಗ ನಾಚಿಕೆ ಆಗ್ತಿದೆ. ಹೊರಗೆ ನಾಲ್ಕು ಜನರ ಮುಂದೆ ಖಡಾಖಂಡಿತವಾಗಿ ಮಾತಾಡ್ತೀನಿ. ಮನೆಯಲ್ಲಿ ಅಣ್ಣ ತಟ್ಟೆ ಅಲ್ಲೇ ಬಿಟ್ಟು ಎದ್ದರೆ ಎತ್ತಿಡೋದು ನಾನೇ. ನಾನು ಎತ್ತಲಿಲ್ಲ ಅಂದ್ರೆ ಅಮ್ಮ ಎತ್ತಬೇಕಲ್ಲ. ಇದು ಮೋಸ ಅಲ್ವಾ?’

ತುಂಬ ಯೋಚಿಸಿದ ಹುಡುಗಿ. ಮನೆಗೆ ಬಂದವರಿಗೆ ಅಣ್ಣನನ್ನು ಪರಿಚಯಿಸುವಾಗ ಅವನ ಕೆಲಸ ಹೇಳುತ್ತಾರೆ, ತನ್ನನ್ನು ‘ಇವಳು ಮಗಳು’ ಎಂದಷ್ಟೇ ಹೇಳಿ ಮುಗಿಸುತ್ತಾರೆ ಎಂಬುದನ್ನು ಗಮನಿಸಿದ್ದಾಳೆ. ಅಣ್ಣ ಕೋಣೆಗೆ ಚಿಲಕ ಹಾಕಿಕೊಂಡರೆ ಏನೋ ಕೆಲಸದಲ್ಲಿದ್ದಾನೆ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಆಕೆ ಬಾಗಿಲು ಮುಚ್ಚಿದರೆ ‘ಏನಾಯ್ತೇ?’ ಎಂದು ತಟ್ಟುತ್ತಾರೆ. ಲಿಪ್‌ಸ್ಟಿಕ್ ಹಚ್ಚಿಕೊಳ್ಳುವುದು ಇಷ್ಟ, ಆದರೆ ಹಚ್ಚಿಕೊಂಡಾಗಲೆಲ್ಲ ಇದು ತನ್ನ ಇಷ್ಟವೋ ನೋಡುವವರ ಇಷ್ಟವೋ ಎಂದು ಒಳಗೊಳಗೇ ವಿಚಾರಣೆ. ಆಕೆ ಕಂಡದ್ದರಲ್ಲಿ ತಿದ್ದಬೇಕಾದದ್ದು ನನಗೇನೂ ಕಾಣಲಿಲ್ಲ. ಮನೆಯವರ ದೃಷ್ಟಿಯಿಂದಲೂ ನೋಡಮ್ಮ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡುವವರಿದ್ದಾರೆ. ಅದು ಕೂಡದು. ಕಣ್ಣಾರೆ ಕಂಡದ್ದನ್ನು ಸಲಹೆಗಾರರೂ ಅಲ್ಲಗಳೆದರೆ ಆಕೆ ಇನ್ನೆಲ್ಲಿಗೆ ಹೋಗಬೇಕು?

ನಿದ್ದೆ ಕೆಟ್ಟದ್ದು ಒಂದು ರಾತ್ರಿಯ ಜಗಳದಿಂದ. ಊಟದ ಹೊತ್ತಿನಲ್ಲಿ ಅಣ್ಣ ‘ಬಂದ್ಳು ನೋಡು ಸ್ತ್ರೀವಾದಿ’ ಎಂದು ಕಿಚಾಯಿಸಿದ. ಆಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯನ್ನು ಮುಂದಿಟ್ಟಳು: ಜಗತ್ತಿನಲ್ಲಿ ಸಂಬಳವಿಲ್ಲದ ಮನೆಗೆಲಸ, ಆರೈಕೆಗೆ ಹೋಗುವ ಒಟ್ಟು ಹೊತ್ತಿನಲ್ಲಿ ಶೇ 76.2ರಷ್ಟು ಹೆಂಗಸರದ್ದೇ. ಅಂಕಿ ಸರಿಯಾದದ್ದೇ. ಆದರೆ ಅಪ್ಪನಿಗೆ ಅದು ತನ್ನ ಮೇಲೆ ಹೊರಿಸಿದ ಆರೋಪದಂತೆ ಕೇಳಿಸಿತು. ‘ಈ ಮನೆಯಲ್ಲಿ ಯಾರಿಗೆ ಏನು ಕಡಿಮೆ ಮಾಡಿದ್ದೀನಿ?’ ಎಂದು ಎದ್ದರು. ಅಮ್ಮ ಅಪ್ಪನ ಪರವಾಗಿ ಬಾಯಿ ತೆರೆದರು. ಆಗ ಈಕೆ ಅಮ್ಮನ ಕಡೆ ತಿರುಗಿ, ‘ನೀನು ನಿನ್ನ ಬದುಕನ್ನೇ ಹಾಳು ಮಾಡ್ಕೊಂಡೆ. ನಾನು ನಿನ್ನ ಥರ ಆಗಲ್ಲ’ ಎಂದುಬಿಟ್ಟಳು. ಅಂದಿನಿಂದ ಅಮ್ಮನದು ಅಗತ್ಯಕ್ಕೆ ತಕ್ಕಷ್ಟೇ ಮಾತು.

ಕೆಲವು ಭೇಟಿಗಳಲ್ಲಿ ನನಗೆ ಸ್ಪಷ್ಟವಾದದ್ದು ಇಷ್ಟು. ಅಪ್ಪನಿಗಿಂತ, ಅಣ್ಣನಿಗಿಂತ ಹೆಚ್ಚಾಗಿ ಆಕೆ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದಳು. ಒಳ್ಳೆಯ ಮಗಳು ಹೀಗಿರಬೇಕು ಎಂಬ ಪಟ್ಟಿಯನ್ನು ಹರಿದೆಸೆದು ನಿಜವಾದ ಸ್ತ್ರೀವಾದಿ ಹೀಗಿರಬೇಕು ಎಂಬ ಇನ್ನೊಂದು ಪಟ್ಟಿ ಹಿಡಿದಿದ್ದಳು. ಎರಡರಲ್ಲೂ ನಪಾಸಾಗುವವಳು ಅವಳೇ. ಖಾಸಗಿಯಾದದ್ದೂ ರಾಜಕೀಯವೇ ಎಂಬ ಮಾತನ್ನು ಆಕೆ ಎದೆಗೆ ಹಚ್ಚಿಕೊಂಡಿದ್ದಳು. ಆದ್ದರಿಂದ ಎತ್ತಿಟ್ಟ ಪ್ರತಿ ತಟ್ಟೆಯೂ ತನ್ನ ರಾಜಕೀಯದ ಸೋಲು ಎಂದು ಲೆಕ್ಕ.

ಆ ಮಾತು ಅಚ್ಚಾದದ್ದು 1970ರಲ್ಲಿ, ಕ್ಯಾರೊಲ್ ಹ್ಯಾನಿಷ್ ಎಂಬ ಅಮೆರಿಕನ್ ಹೋರಾಟಗಾರ್ತಿಯ ಲೇಖನದ ತಲೆಬರಹವಾಗಿ. ಹೆಂಗಸರು ಒಟ್ಟಾಗಿ ಕೂತು ತಮ್ಮ ಮನೆಯ ಕಥೆ ಹೇಳಿಕೊಳ್ಳುವುದು ಬರೀ ಚಿಕಿತ್ಸೆ ಎಂದು ಹೀಗಳೆದವರಿಗೆ ಆಕೆ ಅದರಲ್ಲಿ ಉತ್ತರ ಕೊಡುತ್ತಾಳೆ. ಹೆಂಗಸಿನ ಕಷ್ಟಕ್ಕೆ ಹೆಂಗಸನ್ನೇ ಹೊಣೆ ಮಾಡಬೇಡಿ, ಇದಕ್ಕೆ ಒಬ್ಬೊಬ್ಬಳೇ ಕಂಡುಕೊಳ್ಳುವ ಪರಿಹಾರ ಸದ್ಯಕ್ಕಿಲ್ಲ, ಕೂಡಿಯೇ ಕಂಡುಕೊಳ್ಳಬೇಕು ಎನ್ನುತ್ತಾಳೆ. ಒಬ್ಬ ಹುಡುಗಿಯ ದಿನಚರಿಯನ್ನು ತೂಗಿ ನೋಡಲು ಬರೆದದ್ದಲ್ಲ ಅದು. ಇದನ್ನು ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಗೆಳತಿಯರ ಜೊತೆ ಸೇರಿ ಮಾತಾಡುತ್ತಿದ್ದುದನ್ನು ನಾಚಿಕೆಯಿಂದ ಬಿಟ್ಟಿದ್ದಳಂತೆ. ಮತ್ತೆ ಹೋಗಿ ಎಂದೆ. ಅಲ್ಲಿ ಸಿಗುವುದು ನನ್ನ ಕೋಣೆಯಲ್ಲಿ ಸಿಗುವುದಿಲ್ಲ.

ಮನೆಗೆಲಸದಲ್ಲಿ ನಿಮಗೆ ಇಷ್ಟವಾದದ್ದು ಏನಾದರೂ ಇತ್ತೇ ಎಂದು ಇನ್ನೊಂದು ದಿನ ಕೇಳಿದೆ. ಥಟ್ಟನೆ ಹೇಳಿದಳು, ಬಟ್ಟೆ ಮಡಿಸುವುದು. ದೊಡ್ಡ ಹೊದಿಕೆ ಒಬ್ಬರ ಕೈಗೆ ಸಿಕ್ಕುವುದಿಲ್ಲ. ಎರಡು ತುದಿ ಅಮ್ಮ ಹಿಡಿಯಬೇಕು, ಎರಡು ತುದಿ ತಾನು ಹಿಡಿಯಬೇಕು, ಎಳೆದು ಕೊಡವಿ ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು. ಕಾಲೇಜು, ಕೆಲಸ, ಯಾರ ಮೇಲೋ ಹುಟ್ಟಿದ ಇಷ್ಟ, ಎಲ್ಲವನ್ನೂ ಅಮ್ಮನ ಬಳಿ ಹೇಳಿಕೊಂಡಿದ್ದು ಆ ಹೊತ್ತಿನಲ್ಲೇ. ಮನೆಗೆಲಸ ಹೆಂಗಸರಿಗೇ ಯಾಕೆ ಎಂಬ ಹಟಕ್ಕೆ ಕೆಲವು ತಿಂಗಳ ಹಿಂದೆ ಅದನ್ನೂ ನಿಲ್ಲಿಸಿದ್ದಳು. ಹೇಳುತ್ತ ಹೇಳುತ್ತ ಅತ್ತಳು.

ಆಗ ಕೊಟ್ಟ ಮೊದಲ ಸಲಹೆ: ಎಲ್ಲ ಕೆಲಸವನ್ನೂ ಒಂದೇ ಕಟ್ಟಿಗೆ ಹಾಕಬೇಡಿ. ಒಂದೊಂದನ್ನೂ ಹಿಡಿದು, ಯಾರ ಕೋಪದ ಹೆದರಿಕೆಯೂ ಇಲ್ಲದಿದ್ದರೆ ಇದನ್ನು ಮಾಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಹೌದು ಎಂದರೆ ಅದು ನಿಮ್ಮದು, ಲಿಪ್‌ಸ್ಟಿಕ್ ಕೂಡ. ಇಲ್ಲ ಎಂದರೆ ಅದರ ಬಗ್ಗೆ ಮನೆಯಲ್ಲಿ ಮಾತಾಡೋಣ.

ಅಮ್ಮನ ವಿಷಯ ಕಷ್ಟದ್ದು. ಆಕೆಗೆ ಅಮ್ಮನನ್ನು ಆ ಬದುಕಿನಿಂದ ಬಿಡಿಸಬೇಕಿತ್ತು. ‘ಅಮ್ಮ ನಿಮ್ಮ ಶಿಷ್ಯೆ ಅಲ್ಲ’ ಎಂದೆ. ಹೇಗೆ ಬದುಕಬೇಕಿತ್ತು ಎಂದು ಮಗಳು ತೀರ್ಪು ಕೊಟ್ಟರೆ ಅದನ್ನು ತಡೆದುಕೊಳ್ಳುವ ತಾಯಿ ಅಪರೂಪ. ಕ್ಷಮೆ ಕೇಳಿ, ಅದರ ಹಿಂದೆಯೇ ‘ಆದರೆ’ ಎಂದು ವಾದ ಸೇರಿಸಬೇಡಿ, ಆಮೇಲೆ ಸಾಧ್ಯವಾದರೆ ಅಮ್ಮನಿಗೆ ಏನು ಬೇಕಿತ್ತು ಎಂದು ಕೇಳಿ, ಉತ್ತರ ಯಾವುದಿದ್ದರೂ ಕೇಳಿಸಿಕೊಳ್ಳಿ ಎಂದು ಹೇಳಿ ಕಳಿಸಿದೆ.

ಉತ್ತರ ಸಿಹಿಯಾಗಿರಲಿಲ್ಲ. ‘ಈಗ ಕೇಳ್ತಿದ್ದೀಯಾ? ನಿನ್ನ ಕೈಲಿ ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನಾನು ಬದುಕಿಲ್ಲ’ ಎಂದರಂತೆ ಅಮ್ಮ. ಆಕೆ ಸೋತ ಮುಖದಲ್ಲಿ ಬಂದಳು. ನನಗೆ ಮಾತ್ರ ಅದು ತಿಂಗಳುಗಳ ನಂತರ ಅಮ್ಮ ಆಡಿದ ಮೊದಲ ನಿಜವಾದ ಮಾತು ಅನ್ನಿಸಿತು, ಹಾಗೆಂದೇ ಹೇಳಿದೆ. ವಾದ ಬೆಳೆಸದೆ ಬಂದದ್ದು ಒಳ್ಳೆಯದಾಯಿತು. ಸ್ವಲ್ಪ ದಿನಗಳ ಮೇಲೆ ಹೊದಿಕೆಯ ತುದಿ ಹಿಡಿಯಲು ಅಮ್ಮನೇ ಕರೆದರು. ಅಮ್ಮ ಈಗಲೂ ಅಣ್ಣನ ತಟ್ಟೆ ಎತ್ತುತ್ತಾರೆ. ಅದನ್ನು ತಪ್ಪಿಸಲು ನೀವು ಓಡಿ ಹೋಗಿ ಎತ್ತಬೇಡಿ, ಅಮ್ಮನಿಗೆ ಭಾಷಣವನ್ನೂ ಮಾಡಬೇಡಿ, ‘ಅಣ್ಣಾ, ತಟ್ಟೆ ತಗೊಂಡು ಹೋಗು’ ಎಂದು ಹೇಳಬೇಕಾದವನಿಗೇ ಹೇಳಿ ಎಂದಿದ್ದೇನೆ. ಒಮ್ಮೊಮ್ಮೆ ಒಯ್ಯುತ್ತಾನೆ.

ಅಣ್ಣನ ಜೊತೆ ಇನ್ನೂ ಒಂದು ಕೆಲಸವಾಗಬೇಕಿತ್ತು. ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 35 ಜೋಡಿಗಳನ್ನು ಮಾತಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯ ಯೋಚನೆಯ ಕೆಲಸವನ್ನು ಬಿಡಿಸಿ ತೋರಿಸುತ್ತಾರೆ. ಏನು ಬೇಕಾಗುತ್ತದೆಂದು ಮುಂಚೆಯೇ ಊಹಿಸುವುದು, ದಾರಿ ಹುಡುಕುವುದು, ತೀರ್ಮಾನಿಸುವುದು, ಕೊನೆಗೆ ಆಯಿತೇ ಎಂದು ನಿಗಾ ಇಡುವುದು. ತೀರ್ಮಾನದಲ್ಲಿ ಇಬ್ಬರೂ ಇರುತ್ತಾರೆ, ಊಹೆ ಮತ್ತು ನಿಗಾ ಹೆಚ್ಚಾಗಿ ಹೆಂಗಸಿನ ತಲೆಗೆ ಬೀಳುತ್ತವೆ. ಇದನ್ನು ಕೇಳಿದ್ದೇ ಆಕೆ, ಅಪ್ಪನ ಬಿಪಿ ಮಾತ್ರೆ ಮುಗಿಯುವ ಮುಂಚೆ ತರುವ ಜವಾಬ್ದಾರಿಯನ್ನು ಅಣ್ಣನಿಗೆ ಕೊಡುತ್ತೇನೆ ಎಂದಳು. ಬೇಡ ಎಂದೆ. ಮರೆತರೆ ಯಾರಿಗೂ ಅಪಾಯವಾಗದ ಕೆಲಸದಿಂದ ಶುರು ಮಾಡಬೇಕು. ಅವನ ಬಟ್ಟೆಯನ್ನು ಆರಿಸಿಕೊಂಡಳು. ಒಗೆಯಲು ಹಾಕುವುದರಿಂದ ಹಿಡಿದು ಮಡಿಸಿ ಇಡುವವರೆಗೆ ಪೂರ್ತಿ ಅವನದ್ದೇ, ನೆನಪಿಸುವುದೂ ಇಲ್ಲ. ಸೋಮವಾರ ಬೆಳಿಗ್ಗೆ ಶರ್ಟ್ ಇಲ್ಲದೆ ಕೂಗಾಡಿದ. ಅಮ್ಮ ಅಂದು ಕರಗಿದರು, ಈಕೆ ಕರಗಲಿಲ್ಲ. ಈಗ ಮೆಷಿನ್ ಯಾವ ಗುಂಡಿಗೆ ಏನು ಮಾಡುತ್ತದೆಂದು ಅವನಿಗೆ ಗೊತ್ತು.

ಅಪ್ಪನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿದ್ಧಾಂತದ ಚರ್ಚೆಯನ್ನು ಊಟದ ಹೊತ್ತಿಗೆ ತರಬೇಡಿ, ಒಂದು ಸಲಕ್ಕೆ ಒಂದೇ ವಿಷಯ ಕೇಳಿ ಎಂದೆ. ಸಂಜೆ ಹೊರಗೆ ಹೋಗುವಾಗ ‘ಹೋಗ್ಲಾ?’ ಎನ್ನುತ್ತಿದ್ದವಳು ‘ಹೋಗ್ತಿದ್ದೀನಪ್ಪ, ಒಂಬತ್ತಕ್ಕೆ ಬರ್ತೀನಿ’ ಎನ್ನತೊಡಗಿದಳು, ಹೇಳಿದ ಹೊತ್ತಿಗೆ ಬಂದಳು. ಅಪ್ಪ ಮೊದಲು ಮುಖ ಗಂಟಿಕ್ಕಿಕೊಂಡರು, ಈಗ ತಲೆಯಾಡಿಸುತ್ತಾರೆ. ಕೋಣೆಯ ಬಾಗಿಲು ತಟ್ಟುವುದು ಮಾತ್ರ ನಿಂತಿಲ್ಲ.

ಬೇರೆ ಮನೆ ಮಾಡುವ ಆಸೆ ಆಕೆಗೆ ಈಗಲೂ ಇದೆ. ಅದಕ್ಕೆ ನನ್ನ ಬೆಂಬಲವೂ ಇದೆ, ತನ್ನದೇ ಬಾಗಿಲು ಬೇಕೆನ್ನುವುದು ಯಾರಿಗೂ ದುಬಾರಿ ಆಸೆಯಲ್ಲ. ಜಗಳವಾಡಿ ಅದೇ ರಾತ್ರಿ ಹೊರಡುವುದು ಮಾತ್ರ ಬೇಡ ಎಂದಿದ್ದೇನೆ. ಮುನಿಸಿನಲ್ಲಿ ಸಂಬಂಧ ಕತ್ತರಿಸಿ ದೂರ ಹೋದವರು ತೀರದ ಜಗಳವನ್ನು ಜೊತೆಗೇ ಒಯ್ಯುತ್ತಾರೆಂದು ಕುಟುಂಬ ಚಿಕಿತ್ಸೆಗೆ ಹೆಸರಾದ ಅಮೆರಿಕನ್ ಮನೋವೈದ್ಯ ಮರ್ರೇ ಬೋವೆನ್ ಹೇಳಿದ್ದನ್ನು ಈ ಕೆಲಸದಲ್ಲಿ ಎಷ್ಟೋ ಮಂದಿಯಲ್ಲಿ ಕಂಡಿದ್ದೇನೆ. ಹಣ ಕೂಡಿಡಿ, ಜಾಗ ನೋಡಿ, ಮನೆಯಲ್ಲಿ ಮುಂಚೆಯೇ ತಿಳಿಸಿ, ವಾರದಲ್ಲಿ ಯಾವ ದಿನ ಅಮ್ಮನನ್ನು ನೋಡಲು ಬರುತ್ತೀರಿ ಎಂಬುದನ್ನೂ ಅದೇ ಮಾತಿನಲ್ಲಿ ಹೇಳಿ ಎಂದೆ. ಹಣ ಕೂಡಿಡುತ್ತಿದ್ದಾಳೆ. ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ. ಮತ್ತೆ ಎರಡು ವಾರ ಒಂದೇ ಸಮನೆ ಕೆಟ್ಟರೆ ಕಾಯದೆ ಬರಬೇಕೆಂದು ಹೇಳಿದ್ದೇನೆ.