ಹಂಚಿನ ಮನೆಯಲ್ಲಿ ಥ್ರಿಲ್ಲರ್: ಕ್ಯಾಮೆರಾ ಎಲ್ಲಿಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಮಂಗಳೂರಿನ ಕಾಲೇಜು ತಂಡ, ಹತ್ತು ನಿಮಿಷದ ಥ್ರಿಲ್ಲರ್, ಬಜ್ಪೆ ಕಡೆಯ ಒಂದು ಹಳೆ ಹಂಚಿನ ಮನೆ. ರಾತ್ರಿ ಅಜ್ಜಿ ಮನೆಯಲ್ಲಿ ಒಬ್ಬಳೇ ಇರುವ ಮೊಮ್ಮಗಳು, ಹೊರಗೆ ಯಾರೋ ಓಡಾಡುವ ಸದ್ದು. ಕೈಯಲ್ಲಿ 18-55 ಲೆನ್ಸಿನ (18ಕ್ಕೆ ಇಟ್ಟರೆ ಅಗಲವಾಗಿ, 55ಕ್ಕೆ ಇಟ್ಟರೆ ಹತ್ತಿರವಾಗಿ ತೋರಿಸುವ ಲೆನ್ಸು) ಒಂದು ಕ್ಯಾಮೆರಾ, ಒಂದು ಫೋನು, ಎರಡು ದಿನ. ಯಾವ ಆ್ಯಂಗಲ್ ಇಟ್ಟರೆ ಭಯ ಹುಟ್ಟುತ್ತದೆ, ಶಾಟ್ ಪಟ್ಟಿ ಹೇಗೆ ಮಾಡುವುದು ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲೇ ಓದುವಾಗ ಮೂರು ಕಿರುಚಿತ್ರ ಮಾಡಿದ್ದೇನೆ. ಈಗ ಕ್ಯಾಮೆರಾ ಕೆಲಸವೇ ನನ್ನ ದುಡಿಮೆ. ಇದು ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದವೇ ಬರೆಯುತ್ತೇನೆ.

ದಯವಿಟ್ಟು ಆ್ಯಂಗಲ್‌ನಿಂದ ಶುರು ಮಾಡಬೇಡಿ. ಸ್ಕ್ರಿಪ್ಟ್ ಎದುರಿಗಿಟ್ಟುಕೊಂಡು ಪ್ರತಿ ದೃಶ್ಯದ ಪಕ್ಕದಲ್ಲಿ ಒಂದೇ ವಿಷಯ ಬರೆಯಿರಿ: ಈಗ ಯಾರಿಗೆ ಎಷ್ಟು ಗೊತ್ತು? ಅವಳಿಗೆ ಗೊತ್ತು, ನೋಡುವವರಿಗೆ ಗೊತ್ತಿಲ್ಲವೇ? ನೋಡುವವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲವೇ? ಇಬ್ಬರಿಗೂ ಗೊತ್ತಿಲ್ಲವೇ? ಇದು ತೀರ್ಮಾನವಾದರೆ ಕ್ಯಾಮೆರಾದ ಜಾಗ ಅರ್ಧ ಸಿಕ್ಕಿದ ಹಾಗೆ.

ಅಡುಗೆಮನೆಯ ಹಿಂಬಾಗಿಲನ್ನೇ ತೆಗೆದುಕೊಳ್ಳಿ. ಇಬ್ಬರಿಗೂ ಏನೂ ಗೊತ್ತಿಲ್ಲ ಅಂತಾದರೆ ಕ್ಯಾಮೆರಾ ಅವಳ ಬೆನ್ನ ಹಿಂದೆ, ಅವಳ ಹೆಗಲಿನ ಎತ್ತರದಲ್ಲಿ, ಅವಳ ಜೊತೆಗೇ ಬಾಗಿಲಿನ ಕಡೆ ನಡೆಯಲಿ. ಅವಳಿಗೆ ಮಾತ್ರ ಗೊತ್ತು ಅಂತಾದರೆ ಮುಖದ ಕ್ಲೋಸಪ್ ಸಾಕು. ಅವಳು ಏನನ್ನೋ ನೋಡಿ ಉಸಿರು ಹಿಡಿಯುತ್ತಾಳೆ, ನಾವು ಅದನ್ನು ತೋರಿಸುವುದಿಲ್ಲ. ನೋಡುವವರಿಗೆ ಮಾತ್ರ ಗೊತ್ತು ಅಂತಾದರೆ ಕ್ಯಾಮೆರಾವನ್ನು ಕತ್ತಲೆಯ ಮೂಲೆಯಲ್ಲಿ ಅಲ್ಲಾಡದಂತೆ ಇಡಿ. ಅವಳು ಪಾತ್ರೆ ತೊಳೆಯುತ್ತಿದ್ದಾಳೆ. ಅವಳ ಹಿಂದಿನ ಕಿಟಕಿಯಲ್ಲಿ ಒಂದು ತಲೆ ಬಂದು ನಿಲ್ಲುತ್ತದೆ. ಅವಳು ತಿರುಗುವುದಿಲ್ಲ. ಕಟ್ ಮಾಡಬೇಡಿ. ಎಂಟು ಹತ್ತು ಸೆಕೆಂಡ್ ಹಾಗೇ ಬಿಡಿ. ಬಾಗಿಲು ಒಂದೇ, ಹುಡುಗಿ ಒಬ್ಬಳೇ, ಆದರೆ ಮೂರು ಬೇರೆ ಬೇರೆ ಭಯ.

ನೀವು ಈ ಕಡೆಯವರು, ಯಕ್ಷಗಾನ ನೋಡಿಯೇ ಇರುತ್ತೀರಿ. ಬಣ್ಣದ ವೇಷದ ಪ್ರವೇಶ ನೆನಪು ಮಾಡಿಕೊಳ್ಳಿ. ರಾಕ್ಷಸ ಸೀದಾ ಬಂದು ರಂಗಸ್ಥಳದ ನಡುವೆ ನಿಲ್ಲುವುದಿಲ್ಲ. ಇಬ್ಬರು ತೆರೆ ಹಿಡಿದಿರುತ್ತಾರೆ. ಮೊದಲು ತೆರೆಯ ಮೇಲೆ ಕಿರೀಟದ ಅಂಚು ಅಲ್ಲಾಡುತ್ತದೆ. ಆಮೇಲೆ ತೆರೆ ಸ್ವಲ್ಪ ಇಳಿದು ಕಣ್ಣು ಕಾಣುತ್ತದೆ, ಮತ್ತೆ ಮರೆ. ಚೆಂಡೆ ಏರುತ್ತಾ ಹೋಗುತ್ತದೆ. ಪೂರ್ತಿ ಮುಖ ಕಾಣುವ ಹೊತ್ತಿಗೆ ಮುಂದೆ ಕೂತ ಮಕ್ಕಳು ಅಮ್ಮನ ಸೆರಗಿನ ಒಳಗೆ. ಥ್ರಿಲ್ಲರ್‌ನ ಶಾಟ್ ಪಟ್ಟಿ ಬರೆಯುವಾಗಲೆಲ್ಲ ನಾನು ಆ ತೆರೆಯನ್ನು ನೆನೆಯುತ್ತೇನೆ. ನಿಮ್ಮ ಹೊರಗಿನವನಿಗೂ ಅದೇ ಲೆಕ್ಕ. ಜಗಲಿಯ ಮೇಲೆ ಒದ್ದೆ ಹೆಜ್ಜೆ. ಅಡಿಕೆ ತೋಟದಲ್ಲಿ ಟಾರ್ಚಿನ ಬೆಳಕು. ಕಿಟಕಿಯ ಸರಳು ಹಿಡಿದ ಬೆರಳು. ಆಮೇಲೆ ಬೆನ್ನು. ಮುಖ ಎಂಟನೇ ನಿಮಿಷಕ್ಕಿಂತ ಮೊದಲು ಬೇಡ.

ಎರಡನೆಯದಾಗಿ ನೆಲದ ನಕ್ಷೆ. ಇದನ್ನು ಬಿಟ್ಟು ನಾನು ಪೆಟ್ಟು ತಿಂದಿದ್ದೇನೆ. ನನ್ನ ಮೊದಲ ಚಿತ್ರದಲ್ಲಿ ಧಕ್ಕೆಯಲ್ಲಿ, ಅಂದರೆ ಮೀನು ದೋಣಿಗಳು ನಿಲ್ಲುವ ಬಂದರಿನಲ್ಲಿ, ಒಂದು ಓಟದ ದೃಶ್ಯ ಇತ್ತು. ದೋಣಿಗಳ ಪಕ್ಕದಲ್ಲಿ ಒಬ್ಬ ಓಡುತ್ತಾನೆ, ಇನ್ನೊಬ್ಬ ಅಟ್ಟಿಸಿಕೊಂಡು ಬರುತ್ತಾನೆ. ಮುಂದೆ ಓಡುವವನನ್ನು ನೀರಿನ ಬದಿಯಿಂದ ತೆಗೆದೆವು. ಬೆಳಕು ಚೆನ್ನಾಗಿದೆ ಅಂತ ಹಿಂದಿನವನನ್ನು ರಸ್ತೆಯ ಬದಿಯಿಂದ ತೆಗೆದೆವು. ಎಡಿಟ್‌ಗೆ ಕೂತಾಗ ಒಬ್ಬ ಎಡದಿಂದ ಬಲಕ್ಕೆ, ಇನ್ನೊಬ್ಬ ಬಲದಿಂದ ಎಡಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲು ಓಡಿ ಬರುವ ಹಾಗೆ ಕಾಣುತ್ತಿತ್ತು. ಮತ್ತೆ ತೆಗೆಯೋಣ ಅಂದರೆ ಅಷ್ಟರಲ್ಲಿ ಮಳೆ ಹಿಡಿದಿತ್ತು. ಇಡೀ ದೃಶ್ಯ ಕಿತ್ತು ಹಾಕಬೇಕಾಯಿತು. ಆ ಬೇಸರ ಇನ್ನೂ ಇದೆ.

ಈ ತಪ್ಪು ಆಗದಂತೆ ನೋಡಿಕೊಳ್ಳುವುದಕ್ಕೆ 180 ಡಿಗ್ರಿ ನಿಯಮ ಅನ್ನುತ್ತಾರೆ. ಮನೆಯ ನಕ್ಷೆಯನ್ನು ಮೇಲಿನಿಂದ ನೋಡಿದ ಹಾಗೆ ಒಂದು ಹಾಳೆಯಲ್ಲಿ ಬರೆಯಿರಿ: ಜಗಲಿ, ಚಾವಡಿ, ಅಡುಗೆಮನೆ, ಬಾವಿ. ಅವಳು ನಿಂತ ಜಾಗದಿಂದ ಅವಳು ನೋಡುವ ಬಾಗಿಲಿನವರೆಗೆ ಒಂದು ಗೆರೆ ಎಳೆಯಿರಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಇರಲಿ. ಆಗ ಬಾಗಿಲು ಯಾವಾಗಲೂ ಪರದೆಯ ಒಂದೇ ಕಡೆ ಇರುತ್ತದೆ, ನೋಡುವವರಿಗೆ ಮನೆ ಬಾಯಿಪಾಠವಾಗುತ್ತದೆ. ಥ್ರಿಲ್ಲರ್‌ಗೆ ಇದು ಬೇರೆ ಕಥೆಗಳಿಗಿಂತ ಜಾಸ್ತಿ ಬೇಕು. ಹಿಂಬಾಗಿಲು ಎಲ್ಲಿದೆ ಅಂತಲೇ ಗೊತ್ತಿಲ್ಲದವರು ಹಿಂಬಾಗಿಲಿಗೆ ಹೇಗೆ ಹೆದರುತ್ತಾರೆ? ಅವನು ಮನೆಯ ಒಳಗೇ ಇದ್ದಾನೆ ಅಂತ ಗೊತ್ತಾಗುವ ಆ ಒಂದು ಕಡೆ ಮಾತ್ರ ಬೇಕಂತಲೇ ಗೆರೆ ದಾಟಿ. ಅಷ್ಟು ಹೊತ್ತು ಕಾಪಾಡಿದ ದಿಕ್ಕು ಅಲ್ಲಿ ಒಮ್ಮೆಲೇ ತಪ್ಪುತ್ತದೆ.

ಈಗ ಆ್ಯಂಗಲ್. ಕೆಳಗಿನಿಂದ ತೆಗೆದರೆ ಆಳು ದೊಡ್ಡವನಾಗಿ ಕಾಣುತ್ತಾನೆ, ಮೇಲಿನಿಂದ ತೆಗೆದರೆ ಚಿಕ್ಕವನಾಗುತ್ತಾನೆ, ಇದು ನಿಮಗೆ ಗೊತ್ತು. ವಾರೆ ಮಾಡಿದ ಕ್ಯಾಮೆರಾ, ಅಂದರೆ ಡಚ್ ಆ್ಯಂಗಲ್, ಇಡೀ ಚಿತ್ರದಲ್ಲಿ ಒಂದು ಸಲ ಸಾಕು. ಉಳಿದಂತೆ ಕಣ್ಣಿನ ಮಟ್ಟವೇ ಇರಲಿ. ಸುಮ್ನೆ ಎಲ್ಲ ಶಾಟ್‌ನಲ್ಲೂ ಏನಾದರೂ ವಿಚಿತ್ರ ಮಾಡಿದರೆ ನಿಜವಾಗಿ ವಿಚಿತ್ರ ಆಗಬೇಕಾದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಎತ್ತರವನ್ನು ಮನೆಯಿಂದಲೇ ಕೇಳಿ ಪಡೆಯಿರಿ. ಹಳೆ ಮನೆ ಸಿಕ್ಕಿರುವುದು ನಿಮ್ಮ ಪುಣ್ಯ. ಅಟ್ಟದ ಹಲಗೆಯ ಸಂದಿನಿಂದ ಕೆಳಗೆ ಅವಳ ನೆತ್ತಿ ಕಾಣುತ್ತದೆ. ಬಾವಿಯ ಕಟ್ಟೆಗೆ ಒರಗಿ ಕ್ಯಾಮೆರಾ ನೀರಿಗೆ ಮುಖ ಮಾಡಿದರೆ ಅವಳ ಬಿಂಬ, ಆಮೇಲೆ ಅದರ ಪಕ್ಕ ಇನ್ನೊಂದು ಬಿಂಬ. ಇಲ್ಲಿ ಕ್ಯಾಮೆರಾದ ಬೆಲ್ಟನ್ನು ಕೈಗೆ ಸುತ್ತಿಕೊಂಡಿರಿ, ಹಿಂದಿನಿಂದ ಒಬ್ಬರು ಹಿಡಿದುಕೊಂಡಿರಲಿ. ಹಂಚಿನ ನಡುವೆ ಕನ್ನಡಿ ಹಂಚು ಇದ್ದರೆ ಹಗಲಿನಲ್ಲಿ ಚಾವಡಿಗೆ ಒಂದೇ ಕೋಲು ಬೆಳಕು ಬೀಳುತ್ತದೆ. ಆ ಬೆಳಕಿನಲ್ಲಿ ಹಗಲಿನ ದೃಶ್ಯ ಮುಗಿಸಿ, ಬೇರೆ ಲೈಟೇ ಬೇಡ.

ಲೆನ್ಸಿನ ಬಗ್ಗೆ ನನ್ನ ಮೆಚ್ಚಿನ ಉಪಾಯ ಹೇಳುತ್ತೇನೆ. ಚಿತ್ರದ ಮೊದಲ ನಿಮಿಷದಲ್ಲಿ ಹಗಲು ಅವಳು ಅಂಗಳದಲ್ಲಿ ಬಟ್ಟೆ ಒಣಗಿಸುತ್ತಾಳೆ. ಅದನ್ನು ತೋಟದ ಒಳಗಿನಿಂದ 55ರಲ್ಲಿ ತೆಗೆಯಿರಿ. ಮುಂದೆ ಒಂದು ಅಡಿಕೆ ಸೋಗೆ ಮಸುಕಾಗಿ ಕಾಣಲಿ. ನೋಡುವವರು ಅದನ್ನು ಚಂದದ ಶಾಟ್ ಅಂದುಕೊಳ್ಳುತ್ತಾರೆ. ರಾತ್ರಿ ಅದೇ ಜಾಗ, ಅದೇ ಎತ್ತರ, ಅದೇ 55. ಈಗ ಅವಳು ಕಿಟಕಿಯ ಒಳಗಿದ್ದಾಳೆ. ಹಗಲೂ ಅಲ್ಲಿ ಒಬ್ಬ ನಿಂತಿದ್ದ ಅಂತ ಆಗ ಹೊಳೆಯುತ್ತದೆ, ಅಲ್ವಾ? ಒಂದು ಮಾತೂ ಬೇಕಾಗಿಲ್ಲ. ಟ್ರೈಪಾಡ್ ಕಾಲು ಊರಿದ ಜಾಗಕ್ಕೆ ಮೂರು ಕಲ್ಲು ಇಟ್ಟು ಗುರುತು ಮಾಡಿಕೊಳ್ಳಿ. 18ನ್ನು ಮನೆಯ ಒಳಗೆ, ಖಾಲಿ ಚಾವಡಿ ದೊಡ್ಡದಾಗಿ ಕಾಣಬೇಕಾದಾಗ ಬಳಸಿ. ಅದನ್ನು ಮುಖದ ಹತ್ತಿರ ತಂದರೆ ಮೂಗು ಉಬ್ಬಿ ಕಾಣುತ್ತದೆ.

ಚಿತ್ರ ಬಿಡಿಸಲು ಬಾರದಿದ್ದರೆ ಸ್ಟೋರಿಬೋರ್ಡ್‌ಗೆ, ಅಂದರೆ ಪ್ರತಿ ಶಾಟ್ ಹೇಗಿರುತ್ತದೆ ಅಂತ ಮೊದಲೇ ಬಿಡಿಸಿಡುವ ಚಿತ್ರಗಳಿಗೆ, ಚಿಂತೆ ಬೇಡ. ಶೂಟಿಂಗಿಗೆ ಒಂದು ವಾರ ಮೊದಲು, ರಾತ್ರಿ ಹೊತ್ತಿನಲ್ಲೇ, ಫೋನು ಹಿಡಿದು ಮನೆಗೆ ಹೋಗಿ. ಗೆಳತಿಯೊಬ್ಬಳನ್ನು ನಿಲ್ಲಿಸಿ ಪ್ರತಿ ಶಾಟ್‌ಗೂ ಒಂದು ಫೋಟೋ ತೆಗೆಯಿರಿ. ಅವನ್ನೆಲ್ಲ ಕ್ರಮವಾಗಿ ಜೋಡಿಸಿ, ಹಿಂದೆ ಬರೀ ಜೀರುಂಡೆ ಸದ್ದು ಹಾಕಿ ಓಡಿಸಿ ನೋಡಿ. ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ಒಂದು ಶಾಟ್ ಕಡಿಮೆ ಇದೆ. ಎಲ್ಲಿ ಬೇಸರ ಬರುತ್ತದೋ ಅಲ್ಲಿ ಒಂದು ಜಾಸ್ತಿ ಇದೆ.

ಆಮೇಲೆ ಪಟ್ಟಿಯನ್ನು ಕಥೆಯ ಕ್ರಮ ಬಿಟ್ಟು ಕ್ಯಾಮೆರಾ ಇಡುವ ಜಾಗದ ಕ್ರಮದಲ್ಲಿ ಮತ್ತೆ ಬರೆಯಿರಿ. ಕ್ಯಾಮೆರಾ, ಲೈಟು ಎರಡನ್ನೂ ಎತ್ತಿ ಬೇರೆ ಕಡೆ ಇಡುವುದೇ ಸಮಯ ತಿನ್ನುವುದು. ನನ್ನ ಅನುಭವದಲ್ಲಿ ವಿದ್ಯಾರ್ಥಿ ತಂಡಕ್ಕೆ ದಿನಕ್ಕೆ ಇಪ್ಪತ್ತು ಜಾಗ ಅಂದರೆ ಹೆಚ್ಚೇ. ಪಟಪಟ ಕಟ್ ಆಗುವ ಹೊಡೆದಾಟ ಬೇಕು ಅಂತ ಬರೆದಿದ್ದೀರಿ. 1960ರ 'ಸೈಕೋ' ಚಿತ್ರದಲ್ಲಿ ಹಾಗೆ ಪಟಪಟ ಕಟ್ ಆಗುವ ಸ್ನಾನದ ಮನೆಯ ಕೊಲೆ ದೃಶ್ಯ ಸುಮಾರು ಮೂರು ನಿಮಿಷದ್ದು, ಅದನ್ನು ತೆಗೆಯಲು ನಿರ್ದೇಶಕ ಹಿಚ್‌ಕಾಕ್ ತಂಡಕ್ಕೆ ಏಳು ದಿನ ಬೇಕಾಯಿತು. ನಿಮಗಿರುವುದು ಎರಡೇ ದಿನ ಮಾರಾಯ್ರೇ. ಹೊಡೆದಾಟ ಮುಚ್ಚಿದ ಬಾಗಿಲಿನ ಆಚೆ ನಡೆಯಲಿ, ಸದ್ದು ಮಾತ್ರ ಕೇಳಲಿ, ಕ್ಯಾಮೆರಾ ಬಾಗಿಲನ್ನು ನೋಡುತ್ತಾ ನಿಲ್ಲಲಿ.

ಹೊರಗಿನ ರಾತ್ರಿ ದೃಶ್ಯಗಳನ್ನು ಮುಸ್ಸಂಜೆಗೆ ಇಟ್ಟುಕೊಳ್ಳಿ. ಸೂರ್ಯ ಮುಳುಗಿದ ಮೇಲೆ ಸುಮಾರು ಇಪ್ಪತ್ತು ನಿಮಿಷ ಆಕಾಶ ನೀಲಿಯಾಗಿರುತ್ತದೆ, ಒಳಗೆ ಹಳದಿ ಬಲ್ಬು ಹಾಕಿದರೆ ಕಿಟಕಿ ಹೊಳೆಯುತ್ತದೆ. ಪೂರ್ತಿ ಕತ್ತಲಾದರೆ ನಿಮ್ಮ 18-55ರಂಥ ಕಿಟ್ ಲೆನ್ಸಿನಲ್ಲಿ (ಕ್ಯಾಮೆರಾ ಜೊತೆಗೇ ಬರುವ ಲೆನ್ಸು) ಬರೀ ಕಾಳು ಕಾಳು ಬರುತ್ತದೆ. ಆ ಇಪ್ಪತ್ತು ನಿಮಿಷಕ್ಕೆ ಮೂರೇ ಶಾಟ್, ಅದಕ್ಕೂ ಮಧ್ಯಾಹ್ನವೇ ರಿಹರ್ಸಲ್ ಮುಗಿದಿರಬೇಕು. ಶಟರ್ ವೇಗ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, 1/60 ಇಟ್ಟರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬು ಪರದೆಯಲ್ಲಿ ಮಿಣುಕುತ್ತವೆ. ಫೋನು, ಕ್ಯಾಮೆರಾ ಎರಡರಲ್ಲೂ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಒಂದೇ ಇರಲಿ. ಫೋನಿನಲ್ಲಿ ಚಿಲಕ, ಬೆರಳು, ಗಡಿಯಾರದಂಥ ಸಣ್ಣ ಕ್ಲೋಸಪ್ ಮಾತ್ರ ತೆಗೆಯಿರಿ, ಶಾಟ್ ನಡುವೆ ಬೆಳಕು ತಾನಾಗಿ ಹೆಚ್ಚು ಕಡಿಮೆ ಆಗದಂತೆ ಎಕ್ಸ್‌ಪೋಷರ್ ಲಾಕ್ ಮಾಡಲು ಮರೆಯಬೇಡಿ.

ಡ್ರೋನ್ ಶಾಟ್ ಆಸೆ ಬಿಡಿ. ಬಜ್ಪೆಯಲ್ಲೇ ವಿಮಾನ ನಿಲ್ದಾಣ ಇದೆ, ಅದರ ಸುತ್ತ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಅಕ್ಕಪಕ್ಕದ ಮನೆಗಳಿಗೆ ಮೊದಲೇ ಹೋಗಿ ಹೇಳಿ ಬನ್ನಿ, ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ. ರಾತ್ರಿ ತೋಟದಲ್ಲಿ ಟಾರ್ಚ್ ಹಿಡಿದು ಓಡುವ ಹುಡುಗನನ್ನು ನೋಡಿದರೆ ಊರಿನವರು ಕ್ಯಾಮೆರಾ ಎಲ್ಲಿದೆ ಅಂತ ಹುಡುಕುವುದಿಲ್ಲ, ಮೊದಲು ಹಿಡಿಯುತ್ತಾರೆ.